ಮರಕ್ಕೆ ನೋವಾಗುತ್ತಾ, ರಾತ್ರಿ ವಿಷಗಾಳಿ ಬಿಡುತ್ತಾ? ಏಳು ವರ್ಷದ ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಮನೆ ಮುಂದಿನ ಮರದ ದೊಡ್ಡ ಕೊಂಬೆ ಕರೆಂಟ್ ತಂತಿಗೆ ತಾಗುತ್ತದೆ ಅಂತ ಕಡಿದರು. ಅವತ್ತಿನಿಂದ "ಮರಕ್ಕೆ ನೋವಾಯ್ತಾ ಅಮ್ಮಾ, ಅದು ಅತ್ತಿತಾ" ಅಂತ ಕೇಳುತ್ತಲೇ ಇದ್ದಾಳೆ. ಶಾಲೆಯಲ್ಲಿ "ಮರ ನಮಗೆ ಆಮ್ಲಜನಕ ಕೊಡುತ್ತದೆ, ಮರ ಇಲ್ಲದಿದ್ದರೆ ಉಸಿರುಕಟ್ಟಿ ಸಾಯುತ್ತೇವೆ" ಅಂತ ಹೇಳಿಕೊಟ್ಟಿದ್ದಾರೆ. ನಮ್ಮತ್ತೆ "ರಾತ್ರಿ ಮರ ವಿಷಗಾಳಿ ಬಿಡುತ್ತದೆ, ಅದರ ಕೆಳಗೆ ಮಲಗಬಾರದು" ಅನ್ನುತ್ತಾರೆ. ಈಗ ಅವಳು ಮಲಗುವ ಮುಂಚೆ ಕೋಣೆಯಲ್ಲಿರುವ ಕುಂಡವನ್ನು ಹೊರಗೆ ಇಡಿಸುತ್ತಾಳೆ. ಶಾಲೆಯಲ್ಲಿ ಅವಳ ಕೈಯಲ್ಲಿ ನೆಡಿಸಿದ ಸಸಿ ಒಣಗಿತು, ಅದಕ್ಕೂ ಅತ್ತಳು. ಸುಳ್ಳು ಹೇಳಬಾರದು, ಹೆದರಿಸಲೂ ಬಾರದು. ಮರದ ಬಗ್ಗೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮಗಳ ಪ್ರಶ್ನೆಗಳು ನನಗೆ ತುಂಬಾ ಹಿಡಿಸಿದವು. ಸಸ್ಯಶಾಸ್ತ್ರ ಪಾಠ ಮಾಡುವುದು ನನ್ನ ವೃತ್ತಿ, ಮಕ್ಕಳನ್ನು ಕರೆದುಕೊಂಡು ಹೋಗಿ ಮರ ತೋರಿಸುವುದೂ ಅದರಲ್ಲೇ ಬರುತ್ತದೆ. ಈ ನಾಲ್ಕೂ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳ ಬೇರು ಒಂದೇ ಕಡೆ ಇದೆ ಅಂತ ನನಗನ್ನಿಸುತ್ತದೆ. ಮರ ನಮಗೆ ಏನು ಕೊಡುತ್ತದೆ, ಏನು ತೊಂದರೆ ಮಾಡುತ್ತದೆ ಅಂತ ಮಗುವಿಗೆ ಎಲ್ಲರೂ ಹೇಳಿದ್ದಾರೆ. ಮರ ತನ್ನ ಪಾಡಿಗೆ ಹೇಗೆ ಬದುಕುತ್ತದೆ ಅಂತ ಯಾರೂ ಹೇಳಿಲ್ಲ. ಅದು ಗೊತ್ತಾಗದೆ ಉಳಿದ ಮಾತೆಲ್ಲ ಭಯವಾಗಿಯೋ ದುಃಖವಾಗಿಯೋ ಉಳಿದುಬಿಡುತ್ತದೆ. ಆದ್ದರಿಂದ ಮೊದಲು ಮರದ ಬದುಕು, ಆಮೇಲೆ ನಮ್ಮ ಉಪಯೋಗ.

ಆದರೆ ಕುಂಡದ ವಿಷಯ ಇವತ್ತು ರಾತ್ರಿಯೇ ಮುಗಿಯಬೇಕಲ್ವಾ, ಅದನ್ನೇ ಮೊದಲು ಹೇಳುತ್ತೇನೆ.

ಗಿಡಮರಗಳೂ ನಮ್ಮಂತೆ ಉಸಿರಾಡುತ್ತವೆ. ರಾತ್ರಿ ಮಾತ್ರ ಅಲ್ಲ, ಹಗಲೂ. ಆಮ್ಲಜನಕ ತೆಗೆದುಕೊಳ್ಳುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹಗಲು ಬೆಳಕಿರುವಾಗ ಎಲೆ ಇದರ ತಿರುಗುಮುರುಗು ಕೆಲಸವನ್ನೂ ಮಾಡುತ್ತದೆ, ಅದು ಬಹಳ ಜೋರಾಗಿ ನಡೆಯುವುದರಿಂದ ಉಸಿರಾಟ ಲೆಕ್ಕಕ್ಕೆ ಕಾಣುವುದಿಲ್ಲ. ಕತ್ತಲಾದಾಗ ಉಸಿರಾಟವೊಂದೇ ಉಳಿಯುತ್ತದೆ. ಒಂದು ಕುಂಡದ ಗಿಡ ರಾತ್ರಿಯಿಡೀ ಬಿಡುವ ಗಾಳಿ, ಅದೇ ಕೋಣೆಯಲ್ಲಿ ಮಲಗಿರುವ ನೀವು ಬಿಡುವುದರ ಮುಂದೆ ಏನೇನೂ ಅಲ್ಲ. ಮಗಳಿಗೆ ಇದನ್ನೇ ಹೇಳಿ: ಅಮ್ಮ ಪಕ್ಕದಲ್ಲಿ ಮಲಗಿದರೆ ನಿನಗೆ ತೊಂದರೆ ಇಲ್ಲ ತಾನೇ, ಗಿಡ ಅಮ್ಮನಿಗಿಂತ ತುಂಬಾ ಕಡಿಮೆ ಉಸಿರಾಡುತ್ತದೆ. ಇನ್ನು ಬಯಲಿನಲ್ಲಿರುವ ಮರದ ಕೆಳಗೆ ಗಾಳಿ ಆಡುತ್ತಲೇ ಇರುತ್ತದೆ, ಅಲ್ಲಿ ಯಾವ ಗಾಳಿಯೂ ಅಪಾಯ ಆಗುವಷ್ಟು ಸೇರಿಕೊಳ್ಳುವುದಿಲ್ಲ.

ಹಾಗಂತ ಅತ್ತೆಯವರ ಮಾತನ್ನು ಮಗುವಿನ ಎದುರಿಗೆ ಪೂರ್ತಿ ತಳ್ಳಿಹಾಕಬೇಡಿ. ಕತ್ತಲಲ್ಲಿ ಮರದ ಕೆಳಗೆ ಮಲಗಿದರೆ ಒಣಕೊಂಬೆ ಬೀಳಬಹುದು, ಹುಳಹುಪ್ಪಟೆ, ಹಾವು ಬರಬಹುದು. ಎಚ್ಚರಿಕೆ ಒಳ್ಳೆಯದೇ, ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಇದರ ಜೊತೆಗೇ ಇನ್ನೊಂದು ಮಾತು ಓಡಾಡುತ್ತದೆ, ಅರಳಿಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಅಂತ. ಎಲೆ ಆಮ್ಲಜನಕ ಮಾಡಲು ಬೆಳಕು ಬೇಕೇ ಬೇಕು, ಯಾವ ಮರಕ್ಕೂ ಇದರಿಂದ ವಿನಾಯಿತಿ ಇಲ್ಲ. ಕಳ್ಳಿಯಂಥ ಕೆಲವು ಗಿಡಗಳು ನೀರು ಉಳಿಸಲು ರಾತ್ರಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ, ಅದು ನಿಜ. ಆದರೆ ಅವೂ ಆಮ್ಲಜನಕ ಮಾಡುವುದು ಹಗಲಲ್ಲೇ.

ಶಾಲೆಯಲ್ಲಿ ಹೇಳಿದ "ಮರ ಇಲ್ಲದಿದ್ದರೆ ಉಸಿರುಕಟ್ಟುತ್ತದೆ" ಅನ್ನುವ ಮಾತಿಗೆ ಬರೋಣ. ಒಳ್ಳೆಯ ಉದ್ದೇಶದಿಂದ ಹೇಳಿರುತ್ತಾರೆ. ಅರ್ಧ ಸತ್ಯವೂ ಹೌದು. ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇದೆ. ಅದು ಕೋಟ್ಯಂತರ ವರ್ಷಗಳಿಂದ ಸೇರಿಕೊಂಡು ಬಂದದ್ದು, ಅದರ ಆರಂಭ ಮರಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು, ಸಮುದ್ರದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ ಆಯಿತು. ಇವತ್ತಿಗೂ ಭೂಮಿಯ ಮೇಲೆ ತಯಾರಾಗುವ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರದ್ದು. ಹಳೆಯ ಕಾಡೊಂದು ಎಷ್ಟು ಆಮ್ಲಜನಕ ಮಾಡುತ್ತದೋ ಹತ್ತಿರಹತ್ತಿರ ಅಷ್ಟನ್ನೇ ಅದರ ಮರಗಳ ಉಸಿರಾಟ, ಬಿದ್ದ ಎಲೆ ಕೊಳೆಸುವ ಶಿಲೀಂಧ್ರ, ಹುಳು ಎಲ್ಲ ಸೇರಿ ಬಳಸಿಬಿಡುತ್ತವೆ. ಅಮೆಜಾನ್ ಕಾಡು ಜಗತ್ತಿಗೆ ಶೇಕಡಾ 20 ಆಮ್ಲಜನಕ ಕೊಡುತ್ತದೆ ಅನ್ನುವ ಮಾತೂ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಮನೆ ಮುಂದಿನ ಕೊಂಬೆ ಕಡಿದರೆ, ಮರವನ್ನೇ ಕಡಿದರೂ, ನಾಳೆ ಯಾರಿಗೂ ಉಸಿರು ಕಟ್ಟುವುದಿಲ್ಲ. ಏಳು ವರ್ಷದ ಮಗುವಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅವಳು ಅದನ್ನು ಅಕ್ಷರಶಃ ನಂಬಿದ್ದಾಳೆ.

ಈಗ ಮರದ ಬದುಕು. ನಾನು ಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆ ಇದು: ಇಷ್ಟು ದಪ್ಪ ಮರ ಎಲ್ಲಿಂದ ಬಂತು? ಎಲ್ಲರೂ "ಮಣ್ಣಿಂದ" ಅನ್ನುತ್ತಾರೆ. ದೊಡ್ಡವರೂ ಅಷ್ಟೇ. ಆಗ ನಾನು ವಾನ್ ಹೆಲ್ಮಾಂಟ್ ಅನ್ನುವ ವಿಜ್ಞಾನಿಯ ಪ್ರಯೋಗ ಹೇಳುತ್ತೇನೆ. ಆತ ಸುಮಾರು 90 ಕಿಲೋ ಒಣಮಣ್ಣು ತೂಗಿ ಒಂದು ದೊಡ್ಡ ಪಾತ್ರೆಗೆ ಹಾಕಿದ, ಅದರಲ್ಲಿ ಎರಡು ಕಿಲೋ ಚಿಲ್ಲರೆ ತೂಕದ ವಿಲ್ಲೋ ಸಸಿ ನೆಟ್ಟ, ಐದು ವರ್ಷ ಬರೀ ನೀರು ಹಾಕಿದ. ಆಮೇಲೆ ಕಿತ್ತು ತೂಗಿದರೆ ಮರ 76 ಕಿಲೋಗೂ ಜಾಸ್ತಿ, ಮಣ್ಣು ಕಡಿಮೆಯಾದದ್ದು ಸುಮಾರು 57 ಗ್ರಾಂ ಮಾತ್ರ. ಇದು ಅಚ್ಚಾದದ್ದು 1648ರಲ್ಲಿ. ಅವನು ಮರವೆಲ್ಲ ನೀರಿನಿಂದಲೇ ಆಯಿತು ಅಂದುಕೊಂಡ. ಅದು ಪೂರ್ತಿ ಸರಿಯಲ್ಲ. ಮರದ ಒಣತೂಕದಲ್ಲಿ ಸುಮಾರು ಅರ್ಧ ಇಂಗಾಲ, ಅದು ಬಂದದ್ದು ಗಾಳಿಯಿಂದ. ಇಂಗಾಲದ ಡೈಆಕ್ಸೈಡನ್ನು ಗಾಳಿಗಿಂತ ಬೇರೆಯಾದ ವಸ್ತು ಅಂತ ಮೊದಲು ಗುರುತಿಸಿದವರಲ್ಲಿ ಇದೇ ಹೆಲ್ಮಾಂಟ್ ಒಬ್ಬ. ಉತ್ತರ ಅವನ ಕೈಯಲ್ಲೇ ಇತ್ತು, ಎರಡನ್ನೂ ಜೋಡಿಸಿ ನೋಡಲಿಲ್ಲ. ಹಸಿರು ಭಾಗ ಬೆಳಕಿದ್ದಾಗ ಮಾತ್ರ ಆಮ್ಲಜನಕ ಬಿಡುತ್ತದೆ ಅಂತ ಯಾನ್ ಇಂಗೆನ್‌ಹೌಸ್ ತೋರಿಸಿಕೊಟ್ಟದ್ದು 1779ರಲ್ಲಿ.

ಮರ ಗಾಳಿಯಿಂದ ಆಗುತ್ತದೆ ಅಂದ ಕೂಡಲೇ ಮಕ್ಕಳು ಮರವನ್ನು ಮುಟ್ಟಿ ನೋಡುತ್ತಾರೆ, ನಂಬಲಿಕ್ಕೆ ಆಗುವುದಿಲ್ಲ ಅವರಿಗೆ. ದ್ಯುತಿಸಂಶ್ಲೇಷಣೆ ಅನ್ನುವ ಪದ ಈಗಲೇ ಬೇಡ. ಎಲೆ ಬೆಳಕನ್ನು ಹಿಡಿಯುತ್ತದೆ, ಗಾಳಿಯಿಂದ ಒಂದಿಷ್ಟು, ನೀರಿನಿಂದ ಒಂದಿಷ್ಟು ತೆಗೆದು ಸಕ್ಕರೆ ಮಾಡುತ್ತದೆ, ಉಳಿದ ಆಮ್ಲಜನಕ ಹೊರಗೆ ಹೋಗುತ್ತದೆ, ಆ ಸಕ್ಕರೆಯಿಂದಲೇ ಮರ ತನ್ನ ಮೈ ಕಟ್ಟಿಕೊಳ್ಳುತ್ತದೆ. ಇಷ್ಟು ಸಾಕು. ಮರ ಆಮ್ಲಜನಕ ಬಿಡುವುದು ನಮಗೋಸ್ಕರ ಅಲ್ಲ, ಅದರ ಅಡುಗೆಯಲ್ಲಿ ಮಿಕ್ಕಿದ್ದು ಅದು ಅನ್ನುವುದು ಅವಳಿಗೆ ತಾನಾಗಿಯೇ ಹೊಳೆಯುತ್ತದೆ. ಮಣ್ಣಿಂದ ಬರುವ ಆ ಸ್ವಲ್ಪ ಖನಿಜಗಳೂ ಬೇಕು, ಅವಿಲ್ಲದೆ ಎಲೆ ಹಳದಿಯಾಗುತ್ತದೆ ಅಂತಲೂ ಸೇರಿಸಿ.

ನೀರು ಮೇಲೇರುವುದು ಮಕ್ಕಳಿಗೆ ಇನ್ನೊಂದು ಅಚ್ಚರಿ. ಮರಕ್ಕೆ ಹೃದಯ ಇಲ್ಲ, ಪಂಪ್ ಇಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರವೊಂದು 115 ಮೀಟರ್‌ಗೂ ಎತ್ತರ ಇದೆ, ಅದರ ತುದಿಗೂ ನೀರು ಹೋಗುತ್ತದೆ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಾಗ ಹಿಂದಿನ ನೀರನ್ನು ಎಳೆದುಕೊಳ್ಳುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುತ್ತವೆ, ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಟ ಆಡುತ್ತಾರಲ್ಲ, ಮುಂದಿನವರು ಹೆಜ್ಜೆ ಇಟ್ಟರೆ ಹಿಂದಿನವರೂ ಬರಬೇಕು, ಹಾಗೆ ಬೇರಿನವರೆಗೂ ಒಂದೇ ಸಾಲು. ಡಿಕ್ಸನ್ ಮತ್ತು ಜಾಲಿ ಅನ್ನುವ ಇಬ್ಬರು 1894ರಲ್ಲಿ ಈ ವಿವರಣೆ ಕೊಟ್ಟರು, ಇವತ್ತಿಗೂ ನಾವು ಇದನ್ನೇ ಪಾಠ ಮಾಡುತ್ತೇವೆ. ಸೆಖೆಯ ದಿನ ದೊಡ್ಡ ಮರವೊಂದು ನೂರಾರು ಲೀಟರ್ ನೀರನ್ನು ಹೀಗೆ ಗಾಳಿಗೆ ಬಿಡಬಲ್ಲದು. ಮರದ ಕೆಳಗೆ ತಂಪು ಯಾಕೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ನೆರಳು, ಇನ್ನರ್ಧ ಇದು.

ಇದನ್ನು ಕಣ್ಣಾರೆ ತೋರಿಸಬಹುದು. ಬಿಸಿಲಿರುವಾಗ ಎಲೆ ತುಂಬಿದ ಸಣ್ಣ ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ, ಕೆಲವು ಗಂಟೆ ಬಿಟ್ಟು ನೋಡಿ. ಒಳಗೆ ನೀರ ಹನಿ ಇರುತ್ತದೆ. ನೋಡಿದ ಮೇಲೆ ಚೀಲ ಬಿಚ್ಚಿಬಿಡಿ, ಇಲ್ಲದಿದ್ದರೆ ಒಳಗಿನ ಎಲೆ ಬೆಂದುಹೋಗುತ್ತದೆ. ಎಲೆಯನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ತೋರಿಸಿ "ಇದೇ ಆಮ್ಲಜನಕ" ಅನ್ನುವ ಪ್ರಯೋಗ ಎಲ್ಲ ಕಡೆ ಇದೆ. ಅದನ್ನು ನಾನು ಮಾಡಿಸುವುದಿಲ್ಲ. ನೀರು ಬಿಸಿಲಿಗೆ ಬೆಚ್ಚಗಾದಾಗ ಅದರಲ್ಲಿ ಕರಗಿದ ಗಾಳಿಯೇ ಗುಳ್ಳೆಯಾಗಿ ಎಲೆಗೆ ಅಂಟಿಕೊಳ್ಳುತ್ತದೆ, ಮಗು ತಪ್ಪು ಸಾಕ್ಷಿ ನೋಡಿದ ಹಾಗಾಗುತ್ತದೆ. ಹೈಡ್ರಿಲ್ಲಾದಂಥ ನೀರುಗಿಡ ಸಿಕ್ಕಿದರೆ ಬೆಳಕಿನಲ್ಲಿ ಕತ್ತರಿಸಿದ ದಂಟಿನ ತುದಿಯಿಂದ ಗುಳ್ಳೆ ಸಾಲಾಗಿ ಬರುವುದನ್ನು ತೋರಿಸಿ, ಕತ್ತಲಲ್ಲಿಟ್ಟರೆ ಅದು ನಿಲ್ಲುವುದನ್ನೂ ತೋರಿಸಿ.

ಇನ್ನು ನೋವಿನ ಪ್ರಶ್ನೆ. ನಿಜವಾಗಿ ಅವಳ ಮನಸ್ಸಿನಲ್ಲಿ ಕೂತಿರುವುದು ಇದೇ ಅಲ್ವಾ?

ನೋವು ಅನ್ನುವುದು ನಮಗೆ ಗೊತ್ತಾಗುವುದು ನರ ಮತ್ತು ಮೆದುಳಿನಿಂದ. ಮರಕ್ಕೆ ಎರಡೂ ಇಲ್ಲ. ನಮಗಾಗುವಂಥ ನೋವು ಮರಕ್ಕೆ ಆಗುತ್ತದೆ ಅನ್ನಲು ಯಾವ ಆಧಾರವೂ ಇಲ್ಲ. ಆದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ ಅಂದರೆ ಅದೂ ತಪ್ಪು. ಎಲೆಯನ್ನು ಹುಳು ಕಚ್ಚಿದಾಗ ಗಿಡದ ಒಳಗೆ ಸಂಕೇತ ಓಡುತ್ತದೆ, ದೂರದ ಎಲೆಗಳೂ ತಮ್ಮ ರಕ್ಷಣೆಯ ರಾಸಾಯನಿಕ ತಯಾರು ಮಾಡಲು ಶುರು ಮಾಡುತ್ತವೆ. ಮುಟ್ಟಿದರೆ ಮುನಿ ಎಲೆ ಮಡಚುವುದನ್ನು ಅವಳಿಗೆ ತೋರಿಸಿ, ಮುಟ್ಟಿದ್ದು ಗಿಡಕ್ಕೆ ತಿಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಜಗದೀಶ ಚಂದ್ರ ಬೋಸ್ ಗಿಡಗಳಿಗೆ ನೋವಾಗುತ್ತದೆ ಅಂತ ಸಾಬೀತು ಮಾಡಿದ್ದಾರೆ ಅಂತ ಹೇಳುವುದುಂಟು. ಅವರ ಉಪಕರಣಗಳು ದಾಖಲಿಸಿದ್ದು ಗಿಡದ ವಿದ್ಯುತ್ ಪ್ರತಿಕ್ರಿಯೆಯನ್ನು. ಅದು ದೊಡ್ಡ ಕೆಲಸವೇ, ಆದರೆ ಪ್ರತಿಕ್ರಿಯೆ ಬೇರೆ, ನೋವಿನ ಅನುಭವ ಬೇರೆ.

ಮಗಳಿಗೆ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಮರಕ್ಕೆ ಗಾಯ ಆಗಿದೆ, ಅದು ಮರಕ್ಕೆ ಗೊತ್ತಾಗಿದೆ. ನಿನಗೆ ಆಗುವ ಹಾಗೆ ನೋವಾಗುವುದಿಲ್ಲ. ಈಗ ಅದು ಆ ಗಾಯವನ್ನು ಮುಚ್ಚುವ ಕೆಲಸದಲ್ಲಿದೆ."

ಮುಚ್ಚುವ ಕೆಲಸವನ್ನು ನಿಜವಾಗಿಯೂ ನೋಡಬಹುದು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಒಂದು ವಿಷಯ ಕಂಡುಕೊಂಡರು. ನಮ್ಮ ಚರ್ಮದ ಗಾಯ ಮಾಯುತ್ತದೆ, ಅಲ್ಲಿ ಹೊಸ ಜೀವಕೋಶ ಬರುತ್ತದೆ. ಮರ ಹಾಗೆ ಮಾಡುವುದಿಲ್ಲ. ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರೆ ಮಾಡುತ್ತದೆ, ಅದರ ಮೇಲೆ ಹೊಸ ಪದರ ಬೆಳೆಸುತ್ತದೆ. ಹಳೆಯ ಗಾಯ ಒಳಗೆ ಹಾಗೇ ಇರುತ್ತದೆ. ಕಡಿದ ಜಾಗವನ್ನು ಎರಡು ಮೂರು ತಿಂಗಳಿಗೊಮ್ಮೆ ಅವಳ ಜೊತೆ ಹೋಗಿ ನೋಡಿ, ಫೋಟೋ ತೆಗೆಯಿರಿ. ಅಂಚಿನಿಂದ ದಪ್ಪ ಉಂಗುರ ಒಳಮುಖವಾಗಿ ಬೆಳೆಯುತ್ತಿದ್ದರೆ ಮರ ಚೆನ್ನಾಗಿದೆ ಅಂತ ಅರ್ಥ. ಗಾಯಕ್ಕೆ ಬಣ್ಣ, ಟಾರು ಬಳಿಯುವುದು ಬೇಡ, ಅದರಿಂದ ಉಪಯೋಗ ಇಲ್ಲ, ಕೆಲವು ಸಲ ಒಳಗೆ ತೇವ ನಿಂತು ಕೊಳೆ ಜಾಸ್ತಿ ಆಗುತ್ತದೆ.

ಕಾಂಡದ ಬಗ್ಗೆ ಮಕ್ಕಳು ಬಾಯಿ ಬಿಟ್ಟು ಕೇಳುವ ಒಂದು ಸಂಗತಿ ಇದೆ. ದೊಡ್ಡ ಮರದ ಕಾಂಡದ ಒಳಗಿನ ಬಹುಪಾಲು ಜೀವಕೋಶಗಳು ಸತ್ತಿವೆ. ಬೆಳೆಯುವ ಪದರ ತೊಗಟೆಯ ಒಳಮಗ್ಗುಲಲ್ಲಿ, ತೀರಾ ತೆಳ್ಳಗೆ ಇರುತ್ತದೆ. ಆ ಕಾರಣಕ್ಕೇ ಒಳಗೆಲ್ಲ ಪೊಟರೆಯಾದ ಮರ ಹಸಿರಾಗಿ ನಿಂತಿರುತ್ತದೆ, ತೊಗಟೆಯನ್ನು ಸುತ್ತಲೂ ಸುಲಿದರೆ ಗಟ್ಟಿಮರವೂ ಸಾಯುತ್ತದೆ, ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುವ ದಾರಿ ತೊಗಟೆಯಲ್ಲೇ ಇರುವುದರಿಂದ. ಕಾಂಡಕ್ಕೆ ಬಿಗಿಯಾಗಿ ಕಟ್ಟಿ ಮರೆತುಬಿಟ್ಟ ತಂತಿಯೂ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ. ಹಾಗೆಯೇ ಮರ ಎತ್ತರ ಬೆಳೆಯುವುದು ತುದಿಯಲ್ಲಿ ಮಾತ್ರ. ಮಗಳ ತಲೆಯ ಮಟ್ಟದಲ್ಲಿ ಇರುವ ಗಂಟು ಅವಳು ದೊಡ್ಡವಳಾದಾಗಲೂ ಅದೇ ಎತ್ತರದಲ್ಲಿ ಇರುತ್ತದೆ, ದಪ್ಪ ಮಾತ್ರ ಆಗಿರುತ್ತದೆ. ನೆಲದಿಂದ 1.3 ಮೀಟರ್ ಮೇಲೆ ದಾರ ಸುತ್ತಿ ಸುತ್ತಳತೆ ಬರೆದಿಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ.

ಮರಗಳು ಬೇರಿನ ಶಿಲೀಂಧ್ರಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ, ತಾಯಿಮರ ಮಕ್ಕಳಿಗೆ ಊಟ ಕಳಿಸುತ್ತದೆ ಅನ್ನುವ ಕಥೆಯೂ ಅವಳ ಕಿವಿಗೆ ಬೀಳಬಹುದು. ಬೇರಿಗೂ ಶಿಲೀಂಧ್ರಕ್ಕೂ ಗಟ್ಟಿ ಸಂಬಂಧ ಇರುವುದು ಖಂಡಿತ. ಶಿಲೀಂಧ್ರ ನೀರು, ಖನಿಜ ಹುಡುಕಿ ತರುತ್ತದೆ, ಮರ ಸಕ್ಕರೆ ಕೊಡುತ್ತದೆ. 1997ರಲ್ಲಿ ಸುಝೇನ್ ಸಿಮಾರ್ಡ್ ಮತ್ತು ಸಂಗಡಿಗರು ಕೆನಡಾದ ಕಾಡಿನಲ್ಲಿ ಒಂದು ಮರದ ಇಂಗಾಲ ಇನ್ನೊಂದು ಜಾತಿಯ ಮರಕ್ಕೆ ತಲುಪಿದ್ದನ್ನು ತೋರಿಸಿದರು. ತಾಯಿ ಮಕ್ಕಳ ಪ್ರೀತಿಯವರೆಗೆ ಅದನ್ನು ಎಳೆಯಲು ಪುರಾವೆ ಸಾಲದು ಅಂತ 2023ರಲ್ಲಿ ಇದೇ ವಿಷಯದ ಮೂವರು ವಿಜ್ಞಾನಿಗಳು ಬರೆದರು. ನನ್ನ ಅಭಿಪ್ರಾಯವೂ ಅದೇ. ಮರಕ್ಕೆ ಕಣ್ಣು, ಬಾಯಿ ಬಿಡಿಸಿ ಕಥೆ ಹೇಳುವುದು ತಪ್ಪಲ್ಲ, ಮಕ್ಕಳಿಗೆ ಕಥೆ ಬೇಕು. ಕಥೆಯನ್ನು ಕಥೆ ಅಂತಲೇ ಹೇಳಿ. ಇಲ್ಲದಿದ್ದರೆ ಅಗತ್ಯವಿದ್ದು ಕೊಂಬೆ ಸವರಿದಾಗಲೂ ಯಾರೋ ಕೊಲೆ ಮಾಡಿದರು ಅನ್ನುವ ಹಾಗೆ ಮಗು ಕಂಗಾಲಾಗುತ್ತದೆ, ಈಗ ನಿಮ್ಮ ಮನೆಯಲ್ಲಿ ಆಗಿರುವುದೂ ಸುಮಾರು ಅದೇ.

ಸರಿ, ಹಾಗಾದರೆ ಮರ ಯಾಕೆ ಬೇಕು? ಆಮ್ಲಜನಕದ ಮಾತು ಬಿಟ್ಟರೂ ಕಾರಣಗಳಿಗೆ ಬರವಿಲ್ಲ, ಮತ್ತೆ ಅವೆಲ್ಲ ಕಣ್ಣಿಗೆ ಕಾಣುವಂಥವು. ಬಿಸಿಲಲ್ಲಿರುವ ನೆಲ ಮುಟ್ಟಿಸಿ, ನೆರಳಿನ ನೆಲ ಮುಟ್ಟಿಸಿ. ಮಳೆ ಬಂದಾಗ ಬರಿ ನೆಲದ ಮೇಲೆ ಹರಿಯುವ ನೀರಿನ ಬಣ್ಣ ನೋಡಲಿ, ಮರದ ಕೆಳಗೆ ಎಲೆ ಹೊದಿಕೆ ಇರುವಲ್ಲಿ ನೀರು ಹೇಗೆ ಇಂಗುತ್ತದೆ ನೋಡಲಿ. ಗಾಳಿಯಲ್ಲಿದ್ದ ಇಂಗಾಲ ಮರದ ಮೈಯಾಗಿ ನಿಂತಿದೆ, ಸುಟ್ಟರೆ ಅದು ವಾಪಸ್ ಗಾಳಿಗೆ ಹೋಗುತ್ತದೆ ಅಂತ ಸ್ವಲ್ಪ ದೊಡ್ಡವಳಾದ ಮೇಲೆ ಹೇಳಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮರದ ಮೇಲಿರುವ ಸಂಸಾರಗಳನ್ನು ತೋರಿಸುವುದು. ಆಲ, ಅರಳಿ, ಅತ್ತಿ ಇವುಗಳ ಹೂವು ಹೊರಗೆ ಕಾಣುವುದಿಲ್ಲ, ಕಾಯಿ ಅಂತ ನಾವು ಕರೆಯುವುದರ ಒಳಗೇ ನೂರಾರು ಸಣ್ಣ ಹೂಗಳಿರುತ್ತವೆ. ಅದರ ಒಳಹೊಕ್ಕು ಪರಾಗ ಮುಟ್ಟಿಸುವುದು ಒಂದು ಪುಟ್ಟ ಕಣಜ. ಹೆಚ್ಚಿನಂಶ ಒಂದೊಂದು ಜಾತಿಯ ಮರಕ್ಕೆ ಅದರದ್ದೇ ಕಣಜ. ಕಣಜ ಇಲ್ಲದಿದ್ದರೆ ಬೀಜ ಇಲ್ಲ, ಆ ಮರ ಇಲ್ಲದಿದ್ದರೆ ಕಣಜಕ್ಕೆ ಮೊಟ್ಟೆ ಇಡಲು ಜಾಗ ಇಲ್ಲ. ಕಣಜದ ಪೀಳಿಗೆ ನಿಲ್ಲಬಾರದು ಅಂದರೆ ವರ್ಷದುದ್ದಕ್ಕೂ ಎಲ್ಲೋ ಒಂದು ಮರ ಕಾಯಿ ಬಿಡುತ್ತಿರಲೇಬೇಕು, ಆದ್ದರಿಂದ ಬೇರೆ ಹಣ್ಣು ಸಿಗದ ಕಾಲದಲ್ಲೂ ಹಕ್ಕಿ, ಬಾವಲಿ, ಕೋತಿಗಳಿಗೆ ಇದು ಸಿಗುತ್ತದೆ. ಅತ್ತಿಕಾಯಿಯೊಂದನ್ನು ಬಿಡಿಸಿ ಭೂತಗನ್ನಡಿ ಕೊಟ್ಟುಬಿಡಿ. ಒಣಮರದ ಪೊಟರೆಯಲ್ಲಿ ಗಿಳಿ, ಗೂಬೆ ಇರುತ್ತವೆ, ಬಿದ್ದ ದಿಮ್ಮಿಯಲ್ಲಿ ಜೀರುಂಡೆ ಮರಿಗಳು. ಸತ್ತ ಮರಕ್ಕೂ ಕೆಲಸ ಇದೆ ಅನ್ನುವುದು ಸಾವಿನ ಬಗ್ಗೆ ಕೇಳುವ ಮಗುವಿಗೆ ತುಂಬಾ ಸಮಾಧಾನ ಕೊಡುತ್ತದೆ, ನಾನು ಇದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಸಸಿಯ ವಿಷಯ. ಒಂದು ಮಗುವಿಗೆ ಒಂದು ಸಸಿ ಕೊಟ್ಟು "ಇದು ನಿನ್ನದು" ಅನ್ನುವ ಪದ್ಧತಿಯಲ್ಲಿ ನನಗೆ ಭಯ ಇದೆ. ಸಸಿ ಸತ್ತರೆ ಮಗು ತಪ್ಪು ತನ್ನದು ಅಂದುಕೊಳ್ಳುತ್ತದೆ. ಸಾಯಲು ನಿಜವಾದ ಕಾರಣಗಳು ಬೇರೆ ಇರುತ್ತವೆ: ಕಾಂಡ ಮುಚ್ಚುವಷ್ಟು ಆಳಕ್ಕೆ ನೆಟ್ಟಿರುತ್ತಾರೆ, ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡಿರುತ್ತದೆ, ರಜೆಯಲ್ಲಿ ನೀರು ಹಾಕುವವರಿರುವುದಿಲ್ಲ. ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ಮೊದಲು ಆ ಸಸಿ ನಿಜವಾಗಿ ಸತ್ತಿದೆಯಾ ನೋಡಿ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಗೀರಿ, ಕೆಳಗೆ ಹಸಿರಿದ್ದರೆ ಜೀವ ಇದೆ, ನೀರು ಹಾಕಿ ಕಾಯಿರಿ. ಬುಡದವರೆಗೂ ಕಂದು ಆಗಿದ್ದರೆ ಕಿತ್ತು ಬೇರು ನೋಡಿ, ಕಾರಣ ಸಿಕ್ಕಬಹುದು, ಅದನ್ನು ಅವಳಿಗೂ ತೋರಿಸಿ.

ಮತ್ತೆ ಬೆಳೆಸಬೇಕು ಅಂದರೆ ಹತ್ತು ಹನ್ನೆರಡು ಹುಣಸೆ ಬೀಜ ಒಟ್ಟಿಗೆ ಹಾಕಿ. ಎಲ್ಲ ಬರುವುದಿಲ್ಲ, ದೊಡ್ಡ ಮರ ಸಾವಿರಗಟ್ಟಲೆ ಬೀಜ ಬಿಡುವುದೇ ಅದಕ್ಕೆ ಅಂತ ಮುಂಚೆಯೇ ಹೇಳಿಬಿಡಿ. ಆದರೆ ನನ್ನನ್ನು ಕೇಳಿದರೆ ಈಗ ನೆಡುವುದಕ್ಕಿಂತ ಇರುವ ಮರವೊಂದನ್ನು ಒಂದು ವರ್ಷ ನೋಡುವುದು ಮೇಲು. ಮನೆ ಮುಂದಿನದ್ದೇ ಆಗಲಿ. ಯಾವಾಗ ಎಲೆ ಉದುರಿತು, ಚಿಗುರು ಯಾವ ಬಣ್ಣ, ಯಾವ ಹಕ್ಕಿ ಬಂತು, ಒಂದು ಪುಸ್ತಕದಲ್ಲಿ ಚಿತ್ರ ಬಿಡಿಸಲಿ. ಇದರಲ್ಲಿ ತೊಂದರೆ ಅಂದರೆ ನಿಧಾನ, ಮಗುವಿಗೆ ನಡುವೆ ಬೇಜಾರಾಗುತ್ತದೆ. ಬೇಜಾರಾದರೆ ಬಿಟ್ಟುಬಿಡಲಿ, ಬಲವಂತ ಬೇಡ. ಚಿಗುರು ಬಂದಾಗ ನೀವೇ ಕರೆದು ತೋರಿಸಿ.

ಹೊರಗೆ ಹೋಗುವಾಗ ಒಂದಿಷ್ಟು ಎಚ್ಚರ. ಕಣಗಿಲೆ ವಿಷ, ಹಾಲು ಬರುವ ಎಷ್ಟೋ ಗಿಡಗಳ ಹಾಲು ಕಣ್ಣಿಗೆ ತಾಗಿದರೆ ಉರಿ, ಹಾಗಾಗಿ ಯಾವ ಎಲೆಯನ್ನೂ ಕಾಯಿಯನ್ನೂ ಬಾಯಿಗಿಡುವುದು ಬೇಡ. ಪೊಟರೆಗೆ ಕೈ ಹಾಕಬಾರದು. ಗುಡುಗು ಬಂದರೆ ಮರದ ಕೆಳಗೆ ನಿಲ್ಲಬಾರದು. ಮೇಲೆ ಜೇನುಗೂಡು, ಒಣಕೊಂಬೆ ಇದೆಯಾ ಅಂತ ಮೊದಲು ನೀವು ನೋಡಿ, ಆಮೇಲೆ ಅವಳನ್ನು ಕರೆಯಿರಿ. ಮನೆಗೆ ಬಂದ ಮೇಲೆ ಕೈ ತೊಳೆದೇ ಊಟ.